ಸಿಂಬಲ್ ಸ್ಟ್ಯಾಂಡ್ ಆರಿಸುವುದು ಹೇಗೆ: ಗಟ್ಟಿಯಾಗಿಯೂ ಇರಬೇಕು, ಹೊರುವ ಹಾಗೂ ಇರಬೇಕು

ಡ್ರಮ್ ಕಿಟ್‌ಗೆ ಸಿಂಬಲ್, ಅಂದರೆ ಕೋಲಿನಿಂದ ಬಾರಿಸುವ ಲೋಹದ ತಟ್ಟೆ, ಕೊಳ್ಳುವಾಗ ಡ್ರಮ್ಮರ್‌ಗಳಾದ ನಾವು ಹತ್ತು ಸಲ ಹೊಡೆದು, ಕಿವಿ ಹತ್ತಿರ ಇಟ್ಟು, ಸದ್ದು ಆರುವವರೆಗೂ ಕಾದು ನೋಡುತ್ತೇವೆ. ಅದನ್ನು ಹೊತ್ತು ನಿಲ್ಲುವ ಸ್ಟ್ಯಾಂಡನ್ನು ಮಾತ್ರ 'ಯಾವುದೋ ಒಂದು ಕೊಡಿ' ಅಂತ ತಂದುಬಿಡುತ್ತೇವೆ. ನಾನೂ ಹಾಗೇ ಮಾಡಿದವನು. ಅದರ ಫಲ ಸಿಕ್ಕಿದ್ದು ಒಂದು ಕಾರ್ಯಕ್ರಮದ ಎರಡನೇ ಹಾಡಿನಲ್ಲಿ. 18 ಇಂಚಿನ ಕ್ರ್ಯಾಶ್ (ಜೋರು ಪೆಟ್ಟಿಗೆ ಬಳಸುವ ಸಿಂಬಲ್) ಹೊಡೆದೆ. ಸಿಂಬಲ್ ಜೊತೆ ಸ್ಟ್ಯಾಂಡೂ ಓಲಾಡಿತು. ಮೂರನೇ ಪೆಟ್ಟಿಗೆ ಸಿಂಬಲನ್ನು ಪಕ್ಕಕ್ಕೆ ಚಾಚಿ ಹಿಡಿಯುವ ಬೂಮ್ ಕೋಲು ಮೆಲ್ಲಗೆ ತಲೆ ತಗ್ಗಿಸಿತು. ಆಮೇಲೆ ಇಡೀ ಸ್ಟ್ಯಾಂಡು ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಟಾಮ್ ಡ್ರಮ್) ಮೇಲೆ ಬಂದು ಒರಗಿತು. ಎಡಗೈಯಲ್ಲಿ ಅದನ್ನು ಹಿಡಿದುಕೊಂಡು, ಬಲಗೈ ಒಂದರಲ್ಲೇ ಹಾಡು ಮುಗಿಸಿದೆ.

ಆ ಸಿಟ್ಟಿನಲ್ಲಿ ಮುಂದಿನ ವಾರವೇ ಹೋಗಿ ಇದ್ದದ್ದರಲ್ಲಿ ಅತಿ ಭಾರದ ಸ್ಟ್ಯಾಂಡ್ ಎರಡು ತಂದೆ. ಅವು ಬೀಳಲಿಲ್ಲ, ನಿಜ. ಆದರೆ ಮೂರು ಮಹಡಿ ಮೆಟ್ಟಿಲು ಹತ್ತಿಸಿದ ಮೇಲೆ ಬಿದ್ದವನು ನಾನು. ಒಂದೆರಡು ತಿಂಗಳಲ್ಲಿ ಅವು ಮೂಲೆ ಸೇರಿದವು. ಗಟ್ಟಿ ಸ್ಟ್ಯಾಂಡ್ ಅಂದರೆ ಭಾರದ ಸ್ಟ್ಯಾಂಡ್ ಅಂತ ನಾನು ಅಂದುಕೊಂಡಿದ್ದೇ ತಪ್ಪು. ಭಾರ ಎಲ್ಲಿದೆ, ಕಾಲು ಎಷ್ಟು ಹರಡುತ್ತದೆ, ಕೀಲು ಎಷ್ಟು ಬಿಗಿಯಾಗಿ ಕೂರುತ್ತದೆ, ಈ ಮೂರೇ ಗಟ್ಟಿತನ ತೀರ್ಮಾನ ಮಾಡುವುದು. ಅದು ಗೊತ್ತಾದ ಮೇಲೆ ನನ್ನ ಬ್ಯಾಗಿನ ತೂಕ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತಿತು. ಸ್ಟ್ಯಾಂಡ್ ಮತ್ತೆ ಬಿದ್ದಿಲ್ಲ.

ಮೊದಲು ನಿಮ್ಮ ಸಿಂಬಲ್ ತೂಗಿ

ಅಡುಗೆಮನೆ ತಕ್ಕಡಿ ಸಾಕು. 16 ಇಂಚಿನ ತೆಳು ಕ್ರ್ಯಾಶ್ ಸಾಮಾನ್ಯವಾಗಿ ಒಂದು ಕೆ.ಜಿ. ಆಸುಪಾಸು ಇರುತ್ತದೆ. 18 ಇಂಚಿನದು ಒಂದೂವರೆ ಕೆ.ಜಿ. ಹತ್ತಿರ. 20 ಇಂಚಿನ ರೈಡ್ (ಲಯ ಹಿಡಿದು ಒಂದೇ ಸಮ ನುಡಿಸುವ ದೊಡ್ಡ ಸಿಂಬಲ್) ಎರಡು ಕೆ.ಜಿ. ದಾಟುತ್ತದೆ. 22 ಇಂಚಿನ ದಪ್ಪ ರೈಡ್ ಮೂರು ಕೆ.ಜಿ.ಯನ್ನೂ ಮುಟ್ಟಬಹುದು. ಅಂದರೆ ಒಂದೇ ಕಿಟ್‌ನಲ್ಲಿ ಒಂದು ಸ್ಟ್ಯಾಂಡ್ ಹೊರುವುದು ಇನ್ನೊಂದರ ಮೂರು ಪಟ್ಟು. ಹಾಗಿರುವಾಗ ಎಲ್ಲ ಸ್ಟ್ಯಾಂಡೂ ಒಂದೇ ಬಗೆಯದು ಯಾಕೆ ಬೇಕು? ಸೆಟ್ ಕೊಂಡರೆ ನೋಡಲು ಚೆಂದ, ಅಷ್ಟೇ.

ಇನ್ನೊಂದು ವಿಷಯ. ಕ್ರ್ಯಾಶ್ ಹಗುರವಾಗಿದ್ದರೂ ಅದಕ್ಕೆ ಬೀಳುವ ಪೆಟ್ಟು ಜೋರು, ಅದೂ ಅಂಚಿಗೆ. ರೈಡ್ ಭಾರ, ಆದರೆ ಪೆಟ್ಟು ಸಣ್ಣದು. ಕ್ರ್ಯಾಶ್ ಸ್ಟ್ಯಾಂಡ್ ಒದ್ದಾಟ ತಾಳಬೇಕು, ರೈಡ್ ಸ್ಟ್ಯಾಂಡ್ ಸುಮ್ಮನೆ ಭಾರ ಹೊತ್ತು ನಿಲ್ಲಬೇಕು. ಎರಡೂ ಬೇರೆ ಬೇರೆ ಕೆಲಸ.

ಮೂರು ಕಾಲಿನ ಲೆಕ್ಕ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸ್ಟ್ಯಾಂಡ್ ಬೀಳುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ ಅನ್ನುವುದು ನನ್ನ ಅನುಭವ. ಇದಕ್ಕೆ ಹೊಸ ಸ್ಟ್ಯಾಂಡ್ ಕೊಳ್ಳುವ ಅಗತ್ಯವೂ ಬೀಳದೆ ಹೋಗಬಹುದು.

ಸ್ಟ್ಯಾಂಡಿಗೆ ಮೂರು ಕಾಲು. ನಡುವಿನ ಕೊಳವೆಯಿಂದ ಕಾಲಿನ ರಬ್ಬರ್ ತುದಿಗೆ 30 ಸೆಂ.ಮೀ. ಇದೆ ಅಂತ ಇಟ್ಟುಕೊಳ್ಳಿ. ಆಗ ಎಲ್ಲ ದಿಕ್ಕಿಗೂ 30 ಸೆಂ.ಮೀ. ಆಸರೆ ಇದೆ ಅಂತ ನಮಗೆ ಅನಿಸುತ್ತದೆ. ಇಲ್ಲ. ಒಂದು ಕಾಲಿನ ದಿಕ್ಕಿಗೆ ಮಾತ್ರ 30. ಎರಡು ಕಾಲಿನ ನಡುವಿನ ದಿಕ್ಕಿಗೆ ಬರೀ 15. ಯಾಕಂದರೆ ಸ್ಟ್ಯಾಂಡ್ ಆ ಕಡೆ ವಾಲಿದರೆ ಅದು ಮಗುಚುವುದು ಎರಡು ಕಾಲಿನ ತುದಿ ಸೇರಿಸುವ ಗೆರೆಯ ಮೇಲೆ, ಆ ಗೆರೆ ನಡುವಿನಿಂದ ಅರ್ಧ ದೂರದಲ್ಲೇ ಇರುತ್ತದೆ. ಕಾಗದದ ಮೇಲೆ ಮೂರು ಚುಕ್ಕೆ ಇಟ್ಟು ತ್ರಿಕೋನ ಬರೆದು ನೋಡಿ, ತಿಳಿಯುತ್ತದೆ.

ಈಗ ಬೂಮ್ ಸೇರಿಸೋಣ. ಸ್ಟ್ಯಾಂಡ್ ತೂಕ 3 ಕೆ.ಜಿ. ಸಿಂಬಲ್ ಒಂದೂವರೆ ಕೆ.ಜಿ. ಬೂಮ್ ಕೋಲು ಸಿಂಬಲನ್ನು ನಡುವಿನಿಂದ 45 ಸೆಂ.ಮೀ. ಆಚೆ ಚಾಚಿದೆ. ಎರಡು ಕಾಲಿನ ನಡುವೆ ಚಾಚಿದರೆ, ಮಗುಚುವ ಗೆರೆಯಿಂದ ಸಿಂಬಲ್ 30 ಸೆಂ.ಮೀ. ಹೊರಗಿದೆ. ಒಂದೂವರೆ ಗುಣಿಸು 30, ಅಂದರೆ 45. ಸ್ಟ್ಯಾಂಡನ್ನು ಹಿಡಿದು ನಿಲ್ಲಿಸುವ ಕಡೆಯಲ್ಲಿ 3 ಗುಣಿಸು 15, ಅದೂ 45. ಎರಡೂ ಸಮ. ಅಂದರೆ ಆ ಸ್ಟ್ಯಾಂಡ್ ಬೀಳಲು ತಯಾರಾಗಿ ನಿಂತಿದೆ, ಬೆರಳು ತಾಗಿಸಿದರೆ ಸಾಕು.

ಅದೇ ಸ್ಟ್ಯಾಂಡನ್ನು ಸ್ವಲ್ಪ ತಿರುಗಿಸಿ, ಬೂಮ್ ಸರಿಯಾಗಿ ಒಂದು ಕಾಲಿನ ಮೇಲೆ ಬರುವ ಹಾಗೆ ಇಡಿ. ಈಗ ಸಿಂಬಲ್ ಹೊರಗಿರುವುದು 15 ಸೆಂ.ಮೀ. ಮಾತ್ರ. ಒಂದೂವರೆ ಗುಣಿಸು 15, ಅಂದರೆ 22.5. ಹಿಡಿದು ನಿಲ್ಲಿಸುವ ಕಡೆ 3 ಗುಣಿಸು 30, ಅಂದರೆ 90. ನಾಲ್ಕು ಪಟ್ಟು ಭದ್ರ. ಒಂದು ಪೈಸೆ ಖರ್ಚಿಲ್ಲ, ಒಂದು ಗ್ರಾಂ ತೂಕ ಜಾಸ್ತಿ ಇಲ್ಲ. ಲೆಕ್ಕ ಸುಲಭವಾಗಲಿ ಅಂತ ಬೂಮ್ ಕೋಲಿನ ಸ್ವಂತ ಭಾರ ಬಿಟ್ಟಿದ್ದೇನೆ, ಅದನ್ನೂ ಸೇರಿಸಿದರೆ ಎರಡು ಕಾಲಿನ ನಡುವೆ ಚಾಚಿದವರ ಗತಿ ಇನ್ನೂ ಕೆಟ್ಟದು. ಅವತ್ತು ನನ್ನ ಸ್ಟ್ಯಾಂಡ್ ಬಿದ್ದದ್ದೂ ಹೀಗೇ. ಕಾಲು ಎಲ್ಲಿದೆ ಅಂತ ನಾನು ನೋಡಿಯೇ ಇರಲಿಲ್ಲ.

ಇದರಿಂದ ಕೊಳ್ಳುವವರಿಗೆ ಸಿಗುವ ಪಾಠ ಎರಡು. ಕಾಲು ಅಗಲವಾಗಿ ಹರಡುವ ಹಗುರ ಸ್ಟ್ಯಾಂಡ್, ಕಾಲು ಗಿಡ್ಡ ಇರುವ ಭಾರದ ಸ್ಟ್ಯಾಂಡಿಗಿಂತ ಭದ್ರವಾಗಿರಬಹುದು. ಹಾಗೇ, ಬೂಮ್ ಇಲ್ಲದ ನೇರ ಸ್ಟ್ಯಾಂಡಿನಲ್ಲಿ ಸಿಂಬಲ್ ನಡುವಿನ ಮೇಲೇ ಕೂರುವುದರಿಂದ ಈ ತೊಂದರೆಯ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ನೇರವೋ, ಬೂಮೋ?

ನೇರ ಸ್ಟ್ಯಾಂಡ್ ಅಂದರೆ ಕೊಳವೆ ಮೇಲೆ ಕೊಳವೆ, ತುದಿಯಲ್ಲಿ ಸಿಂಬಲನ್ನು ಓರೆ ಮಾಡುವ ಕೀಲು, ಅಂದರೆ ಟಿಲ್ಟರ್. ಕೀಲು ಕಡಿಮೆ, ತೂಕ ಕಡಿಮೆ, ಬಿಚ್ಚಿ ಜೋಡಿಸುವುದು ಬೇಗ. ಎಡಗಡೆ ಕ್ರ್ಯಾಶ್‌ಗೆ ಇದಕ್ಕಿಂತ ಒಳ್ಳೆಯದು ಬೇಡ. ಕೊರತೆ ಒಂದೇ: ಸಿಂಬಲ್ ಎಲ್ಲಿ ಬೇಕೋ ಸ್ಟ್ಯಾಂಡಿನ ಕಾಲೂ ಅಲ್ಲೇ ಇರಬೇಕು. ಟಾಮ್‌ಗಳ ನಡುವೆ, ಬಾಸ್ ಡ್ರಮ್ ಮೇಲ್ಗಡೆ ಸಿಂಬಲ್ ಬೇಕಾದರೆ ಆಗುವುದಿಲ್ಲ.

ಬೂಮ್ ಅಲ್ಲಿಗೆ ಕೈ ಚಾಚುತ್ತದೆ. ಎರಡು ಟಾಮ್, ಪಕ್ಕದಲ್ಲಿ ಫ್ಲೋರ್ ಟಾಮ್ ಇರುವ ಕಿಟ್‌ನಲ್ಲಿ ರೈಡ್ ಹತ್ತಿರಕ್ಕೆ ಬರಬೇಕಾದರೆ ಬೂಮ್ ಬೇಕೇ ಬೇಕು. ಆದರೆ ಪ್ರತಿ ಬೂಮ್‌ಗೂ ಹೆಚ್ಚುವರಿ ಕೀಲು, ಹೆಚ್ಚುವರಿ ತಿರುಪು. ಸಡಿಲ ಆಗುವ ಜಾಗಗಳು ಅವೇ.

ಇವೆರಡರ ನಡುವೆ ಬೂಮ್ ಕೋಲು ಕೊಳವೆಯೊಳಗೆ ಇಳಿಯುವ ಮಾದರಿ ಇದೆ. ಬೇಡದಾಗ ಕೋಲು ಒಳಗೆ ಜಾರಿಸಿದರೆ ನೇರ ಸ್ಟ್ಯಾಂಡ್, ಬೇಕಾದಾಗ ಹೊರಗೆಳೆದರೆ ಬೂಮ್. ಇವತ್ತಿನ ಮಧ್ಯಮ ದರ್ಜೆಯ ಸ್ಟ್ಯಾಂಡ್‌ಗಳಲ್ಲಿ ಬಹಳಷ್ಟು ಈ ಬಗೆಯವು. ಬೇರೆ ಬೇರೆ ವೇದಿಕೆ, ಬೇರೆ ಬೇರೆ ಕಿಟ್ ಮೇಲೆ ನುಡಿಸುವವರಿಗೆ ನಾನು ಹೇಳುವುದು ಇದನ್ನೇ. ಒಂದು ಎಚ್ಚರ: ಕೋಲು ಒಳಗೆ ಇಳಿಯಬೇಕಾದ್ದರಿಂದ ಅದು ತೆಳ್ಳಗಿರುತ್ತದೆ. 22 ಇಂಚಿನ ದಪ್ಪ ರೈಡ್ ಹಾಕಿ ಪೂರ್ತಿ ಚಾಚಿದರೆ ಮೀನು ಹಿಡಿಯುವ ಗಾಳದ ಹಾಗೆ ಬಾಗಿ ಕುಣಿಯುತ್ತದೆ. ಅಂಥ ರೈಡ್ ಇದ್ದವರು ದಪ್ಪ ಕೋಲಿನ, ಹಿಂದೆ ಭಾರದ ಗುಂಡು ಇರುವ ಬೂಮ್ ನೋಡಿ.

ಕಾಲಿನ ಬಗೆ

ಇಲ್ಲಿ ನಿಜವಾದ ಆಯ್ಕೆ ಶುರು.

ಡಬಲ್ ಬ್ರೇಸ್ ಅಂದರೆ ಪ್ರತಿ ಕಾಲಿಗೂ ಜೋಡಿ ಪಟ್ಟಿ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಕಾಲು ತಿರುಚಿಕೊಳ್ಳುವುದಿಲ್ಲ, ಒದ್ದಾಟ ತಾಳುತ್ತದೆ, ಹರಡುವಿಕೆಯನ್ನು ಬೇಕಾದಷ್ಟು ಹೊಂದಿಸಿಕೊಳ್ಳಬಹುದು. ಇದರಲ್ಲೂ ಮಧ್ಯಮ, ಭಾರ ಅಂತ ಎರಡು ದರ್ಜೆ. ಮಧ್ಯಮದ್ದರ ಕೆಳಗಿನ ಕೊಳವೆ ಸಾಮಾನ್ಯವಾಗಿ 25.4 ಮಿ.ಮೀ., ಭಾರದ್ದು 28.6 ಮಿ.ಮೀ. ವ್ಯಾಸ. ಕೇಳಲು ಮೂರು ಮಿಲಿಮೀಟರ್ ಅಷ್ಟೇ. ಕೈಯಲ್ಲಿ ಹಿಡಿದರೆ ಒಂದು ಕೆ.ಜಿ.ಗೂ ಮೀರಿ ವ್ಯತ್ಯಾಸ ಬರುವುದುಂಟು. ಡಿಡಬ್ಲ್ಯೂ ಕಂಪನಿಯ 9000 ಸರಣಿ ಆ ಭಾರದ ಗುಂಪಿಗೆ ಸೇರಿದ್ದು. ಕಿಟ್ ಒಂದೇ ಕಡೆ ಇರುವ ಸ್ಟುಡಿಯೋಗೆ, ಅಥವಾ ಸಾಮಾನು ಹೊರಲು ಬೇರೆ ಜನ ಇರುವವರಿಗೆ ಅದು ಸರಿ. ಸ್ವತಃ ಹೊರುವವರಿಗೆ ಮಧ್ಯಮ ದರ್ಜೆ ಸಾಕು, ಸಾಕು ಅನ್ನುವುದನ್ನು ಎರಡು ಸಲ ಹೇಳುತ್ತೇನೆ.

ಸಿಂಗಲ್ ಬ್ರೇಸ್ ಅಂದರೆ ಪ್ರತಿ ಕಾಲಿಗೂ ಒಂದೇ ಪಟ್ಟಿ. ಹಗುರ. ಆದರೆ ಈ ಹೆಸರಿನಡಿ ಮಾರುವ ಕಡಿಮೆ ಬೆಲೆಯ ಸ್ಟ್ಯಾಂಡ್‌ಗಳಲ್ಲಿ ಪಟ್ಟಿ ತೆಳ್ಳಗೆ, ರಿವೆಟ್ ಸಡಿಲ. ಒಂದು ಕಾಲನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡಿ, ಕೊಳವೆಯ ಸುತ್ತ ಕಾಲು ತಿರುಗಿದರೆ ಅದನ್ನು ಅಲ್ಲೇ ಇಟ್ಟು ಬನ್ನಿ. 14 ಇಂಚಿನ ಕ್ರ್ಯಾಶ್‌ಗೆ, ಸ್ಪ್ಲ್ಯಾಶ್ ಅನ್ನುವ ಪುಟ್ಟ ಸಿಂಬಲ್‌ಗೆ, ಕಲಿಯುವ ಮಕ್ಕಳಿಗೆ ಒಳ್ಳೆಯ ಸಿಂಗಲ್ ಬ್ರೇಸ್ ನಡೆಯುತ್ತದೆ.

ಇನ್ನು ನನ್ನ ಪ್ರೀತಿಯ ಫ್ಲಾಟ್ ಬೇಸ್. ಇದರಲ್ಲಿ ಕಾಲು ಮೇಲಿಂದ ಇಳಿಜಾರಾಗಿ ಬರುವುದಿಲ್ಲ, ನೆಲದ ಮೇಲೇ ಚಪ್ಪಟೆಯಾಗಿ ಮಲಗುತ್ತದೆ. 1960ರ ದಶಕದಲ್ಲಿ ಡ್ರಮ್ಮರ್‌ಗಳು ಹೆಚ್ಚಾಗಿ ಬಳಸುತ್ತಿದ್ದ ಮಾದರಿ. ಆಮೇಲೆ ರಾಕ್ ಸಂಗೀತದ ಸದ್ದು ಏರಿತು, ಸಿಂಬಲ್ ದಪ್ಪವಾಯಿತು, ಸ್ಟ್ಯಾಂಡ್‌ಗಳೂ ದಪ್ಪವಾದವು. ಈಗ ಬೆನ್ನು ನೋವಿನ ತಲೆಮಾರು ಮತ್ತೆ ಹಳೆಯದಕ್ಕೇ ವಾಪಸ್ ಬಂದಿದೆ. ತಮಾದ ಕ್ಲಾಸಿಕ್, ಪರ್ಲ್‌ನ 150ಎಸ್, ಲಡ್ವಿಗ್‌ನ ಅಟ್ಲಾಸ್ ಕ್ಲಾಸಿಕ್ ಈ ಸಾಲಿನ ಉಕ್ಕಿನ ಸ್ಟ್ಯಾಂಡ್‌ಗಳು. ಉಕ್ಕಿನ ಫ್ಲಾಟ್ ಬೇಸ್ ನೇರ ಸ್ಟ್ಯಾಂಡ್ ಸುಮಾರು ಎರಡು ಕೆ.ಜಿ. ಒಳಗೇ ಇರುತ್ತದೆ. ಮಧ್ಯಮ ದರ್ಜೆಯ ಡಬಲ್ ಬ್ರೇಸ್ ಬೂಮ್ ಮೂರೂವರೆಯಿಂದ ನಾಲ್ಕೂವರೆ.

ಇದರಲ್ಲಿ ಇನ್ನೊಂದು ಅನುಕೂಲ ಇದೆ, ಬಳಸಿದವರಿಗೇ ಗೊತ್ತು. ಕಾಲು ನೆಲಕ್ಕೆ ಅಂಟಿಕೊಂಡಿರುವುದರಿಂದ ಹೈ-ಹ್ಯಾಟ್ (ಪೆಡಲ್ ಒತ್ತಿ ಬಡಿಸುವ ಜೋಡಿ ಸಿಂಬಲ್) ಸ್ಟ್ಯಾಂಡಿನ ಕಾಲು, ಸ್ನೇರ್ ಡ್ರಮ್ ಸ್ಟ್ಯಾಂಡಿನ ಕಾಲು ಇದರ ಮೇಲಿಂದ ಸಲೀಸಾಗಿ ದಾಟುತ್ತವೆ. ಇಕ್ಕಟ್ಟಾದ ವೇದಿಕೆಯಲ್ಲಿ ಕಾಲಿಗೆ ಕಾಲು ಸಿಕ್ಕಿಕೊಂಡು ಜಗಳ ಆಗುವುದು ಕಡಿಮೆ.

ಕೊರತೆ ಇಲ್ಲ ಅಂತಲ್ಲ. ಬಹುತೇಕ ಫ್ಲಾಟ್ ಬೇಸ್‌ಗಳನ್ನು ಪೂರ್ತಿ ಬಿಚ್ಚಿಯೇ ನಿಲ್ಲಿಸಬೇಕು, ಅರ್ಧ ಮಡಚಿ ಕಿರಿದು ಮಾಡಲಾಗುವುದಿಲ್ಲ. ನೆಲ ಉಬ್ಬುತಗ್ಗಾಗಿದ್ದರೆ ನಡುವಿನ ಗುಬುಟು ನೆಲಕ್ಕೆ ತಾಗಿ ಸ್ಟ್ಯಾಂಡ್ ಬುಗುರಿಯ ಹಾಗೆ ಓಲಾಡುತ್ತದೆ. ಹುಲ್ಲಿನ ಮೇಲೆ, ಹಲಗೆ ಸರಿಯಾಗಿ ಕೂಡದ ತಾತ್ಕಾಲಿಕ ವೇದಿಕೆಯ ಮೇಲೆ ನನಗೆ ಇದು ಕೈಕೊಟ್ಟಿದೆ. ಉದ್ದ ಬೂಮ್ ಇದಕ್ಕೆ ಹಾಕುವುದಂತೂ ಬೇಡ. ಮೇಲಿನ ಲೆಕ್ಕದಲ್ಲಿ 3 ಕೆ.ಜಿ. ಬದಲು 2 ಹಾಕಿ ನೋಡಿ, ಅರ್ಥ ಆಗುತ್ತದೆ.

ಅಲ್ಯೂಮಿನಿಯಂ: ಹಗುರದಲ್ಲಿ ಹಗುರ

ಯಮಹಾದ ಕ್ರಾಸ್‌ಟೌನ್, ಡಿಡಬ್ಲ್ಯೂನ 6000 ಅಲ್ಟ್ರಾಲೈಟ್ ಸರಣಿಗಳು ಅಲ್ಯೂಮಿನಿಯಂ ಬಳಸಿದ ಫ್ಲಾಟ್ ಬೇಸ್ ಸ್ಟ್ಯಾಂಡ್‌ಗಳು. ಸಿಂಬಲ್ ಸ್ಟ್ಯಾಂಡ್ ಒಂದೂವರೆ ಕೆ.ಜಿ. ಆಸುಪಾಸು. ಮೊದಲ ಸಲ ಕೈಗೆತ್ತಿಕೊಂಡಾಗ ಇದು ಆಟಿಕೆ ಇರಬೇಕು ಅನಿಸಿತ್ತು.

ಅಲ್ಯೂಮಿನಿಯಂ ಸಾಂದ್ರತೆ ಉಕ್ಕಿನ ಮೂರನೇ ಒಂದು ಭಾಗದಷ್ಟು. ಆದರೆ ಬಾಗದೆ ನಿಲ್ಲುವ ಬಿಗುವೂ ಸರಿಸುಮಾರು ಮೂರನೇ ಒಂದು ಭಾಗವೇ. ಹಾಗಾಗಿ ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆ ಉಕ್ಕಿನ ಕೊಳವೆಗಿಂತ ಜಾಸ್ತಿ ಬಾಗುತ್ತದೆ. ಕೊಳವೆಯ ವ್ಯಾಸ ಅಥವಾ ಗೋಡೆಯ ದಪ್ಪ ಹೆಚ್ಚಿಸಿ ಅದನ್ನು ಸರಿದೂಗಿಸಬೇಕು. ಒಳ್ಳೆಯ ಸ್ಟ್ಯಾಂಡಿನಲ್ಲಿ ಹಾಗೆ ಮಾಡಿರುತ್ತಾರೆ. ಬರೀ 'ಅಲ್ಯೂಮಿನಿಯಂ' ಅಂತ ಬರೆದು ತೆಳು ಕೊಳವೆ ಕೊಟ್ಟದ್ದನ್ನು ಕೊಂಡರೆ ಕೈ ಸುಟ್ಟುಕೊಂಡ ಹಾಗೆ.

ಎರಡನೇ ವಿಷಯ, ಹಗುರ ಸ್ಟ್ಯಾಂಡನ್ನು ತಳ್ಳುವುದು ಸುಲಭ. ನೇರ ಸ್ಟ್ಯಾಂಡ್ 120 ಸೆಂ.ಮೀ. ಎತ್ತರಕ್ಕಿದೆ, ಸಿಂಬಲ್ ಒಂದೂವರೆ ಕೆ.ಜಿ., ಮಗುಚುವ ಗೆರೆ 15 ಸೆಂ.ಮೀ. ದೂರ ಅಂದುಕೊಳ್ಳಿ. ಒಂದೂವರೆ ಕೆ.ಜಿ. ಸ್ಟ್ಯಾಂಡಾದರೆ ಮೇಲ್ತುದಿಯಲ್ಲಿ 375 ಗ್ರಾಂ ತೂಕದಷ್ಟು ಬಲದಿಂದ ಎರಡು ಕಾಲಿನ ನಡುವಿನ ದಿಕ್ಕಿಗೆ ಒಂದೇ ಸಮ ತಳ್ಳಿದರೆ ವಾಲಲು ಶುರುವಾಗುತ್ತದೆ. ನಾಲ್ಕೂವರೆ ಕೆ.ಜಿ. ಸ್ಟ್ಯಾಂಡಿಗೆ ಅದರ ಎರಡು ಪಟ್ಟು ಬೇಕು. ಬಾರಿಸುವ ಕೋಲಿನ ಪೆಟ್ಟು ಕ್ಷಣಮಾತ್ರದ್ದು, ಅದಕ್ಕೆ ಸ್ಟ್ಯಾಂಡ್ ಅಷ್ಟು ಬೇಗ ಬೀಳುವುದಿಲ್ಲ. ಗಿಟಾರ್ ನುಡಿಸುವ ಗೆಳೆಯ ಹಿಂದೆ ಸರಿಯುತ್ತಾ ಬೆನ್ನು ತಾಗಿಸಿದರೆ ಬೀಳುತ್ತದೆ. ಕೇಬಲ್ ಎಳೆದರೂ ಬೀಳುತ್ತದೆ.

ನನ್ನ ತೀರ್ಪು: ಜಾಝ್, ಅಕೌಸ್ಟಿಕ್, ಸಣ್ಣ ಕೋಣೆಯ ಕಾರ್ಯಕ್ರಮ, 18 ಇಂಚಿನವರೆಗಿನ ತೆಳು ಸಿಂಬಲ್ ಆದರೆ ಕಣ್ಣು ಮುಚ್ಚಿ ಅಲ್ಯೂಮಿನಿಯಂ ತಗೊಳ್ಳಿ. ತೋಳೆತ್ತಿ ಬಾರಿಸುವವರಾದರೆ ಉಕ್ಕಿನ ಫ್ಲಾಟ್ ಬೇಸ್‌ನಲ್ಲೇ ನಿಲ್ಲಿ.

ಕಾಲೇ ಇಲ್ಲದ ದಾರಿ

ಪ್ರತಿ ಸಿಂಬಲ್‌ಗೂ ಒಂದು ಸ್ಟ್ಯಾಂಡ್ ಬೇಕು ಅಂತ ಯಾರು ಹೇಳಿದರು? ಸ್ಟ್ಯಾಂಡಿನ ತೂಕದ ದೊಡ್ಡ ಪಾಲು ಇರುವುದು ಕಾಲಿನಲ್ಲಿ. ಇರುವ ಸ್ಟ್ಯಾಂಡಿಗೇ ಒಂದು ಕ್ಲ್ಯಾಂಪ್ ಬಿಗಿದು, ಅದರಿಂದ ಸಣ್ಣ ಬೂಮ್ ತೋಳು ಹೊರಡಿಸಿದರೆ ಒಂದು ಜೊತೆ ಕಾಲು ಹೊರುವುದು ತಪ್ಪುತ್ತದೆ. ಎರಡನೇ ಸಿಂಬಲ್ ಹಗುರದ್ದಿರಬೇಕು. ಎರಡೂ ಸಿಂಬಲ್ ಎದುರುಬದುರು ದಿಕ್ಕಿಗೆ ಚಾಚಿದರೆ ತೂಕ ಸರಿದೂಗಿ ಸ್ಟ್ಯಾಂಡ್ ಇನ್ನೂ ಭದ್ರವಾಗುತ್ತದೆ. ಕ್ಲ್ಯಾಂಪ್ ಕೊಳ್ಳುವ ಮೊದಲು ನಿಮ್ಮ ಕೊಳವೆಯ ವ್ಯಾಸ ಅಳೆದುಕೊಳ್ಳಿ. ಇದು ಹಾಕುವುದು ಭಾರದ ಡಬಲ್ ಬ್ರೇಸ್ ಮೇಲೆ, ಫ್ಲಾಟ್ ಬೇಸ್ ಮೇಲಲ್ಲ.

ಇನ್ನೊಂದು ಹಳೇ ಉಪಾಯ, ಬಾಸ್ ಡ್ರಮ್ ಮೇಲೇ ರೈಡ್ ಕೂರಿಸುವ ಹಿಡಿಕೆ. ಹಳೆಯ ಕಿಟ್‌ಗಳಲ್ಲಿ ಇದು ಸಾಮಾನ್ಯವಾಗಿತ್ತು. ನಿಮ್ಮ ಬಾಸ್ ಡ್ರಮ್‌ನಲ್ಲಿ ಅದಕ್ಕೆ ಜಾಗ ಇದ್ದರೆ ಅದೃಷ್ಟ, ಇಲ್ಲದಿದ್ದರೆ ಡ್ರಿಲ್ ಹಿಡಿಯುವ ಮೊದಲು ನಾಲ್ಕು ದಿನ ಯೋಚನೆ ಮಾಡಿ.

ಅಡ್ಡ ಕೊಳವೆಯ ರ‍್ಯಾಕ್ ಕೂಡ ಇದೆ. ಏಳೆಂಟು ಸಿಂಬಲ್ ಇರುವವರಿಗೆ ಅದು ಲೆಕ್ಕಕ್ಕೆ ಬರುತ್ತದೆ. ಎರಡು ಮೂರು ಸಿಂಬಲ್‌ಗೆ ಅದು ಆನೆ ಸಾಕಿದ ಹಾಗೆ.

ಅಂದಹಾಗೆ, ಮೈಕ್ ಸ್ಟ್ಯಾಂಡಿಗೆ ಸಿಂಬಲ್ ಸಿಕ್ಕಿಸಿದವರನ್ನೂ ನೋಡಿದ್ದೇನೆ. ಆ ಬೂಮ್ ಮಾಡಿರುವುದು ಮುನ್ನೂರು ಗ್ರಾಂ ಮೈಕಿಗೆ. ದಯವಿಟ್ಟು ಬೇಡ.

ಕೀಲು, ತಿರುಪು, ಬುಶ್

ಕಾಲು ಎಷ್ಟೇ ಚೆನ್ನಾಗಿರಲಿ, ಸ್ಟ್ಯಾಂಡ್ ಸಾಯುವುದು ಕೀಲಿನಲ್ಲಿ. ಅಂಗಡಿಯಲ್ಲಿ ಜನ ಕಾಲು ನೋಡುತ್ತಾರೆ, ನಾನು ಮೊದಲು ಕೊಳವೆಗಳು ಸೇರುವ ಜಾಗ ನೋಡುತ್ತೇನೆ. ಮೇಲಿನ ಕೊಳವೆ ಹೊರಗೆಳೆದು ಒಳಗೆ ಬೆರಳು ಹಾಕಿ. ನೈಲಾನ್ ಬುಶ್, ಅಂದರೆ ಒಳಗೆ ಕೂರಿಸಿದ ಬಳೆ, ತಾಗಬೇಕು. ತಿರುಪು ಬಿಗಿದಾಗ ಆ ಬುಶ್ ಕೊಳವೆಯನ್ನು ಸುತ್ತಲೂ ಅಪ್ಪಿ ಹಿಡಿಯುತ್ತದೆ. ಬುಶ್ ಇಲ್ಲದಿದ್ದರೆ ತಿರುಪಿನ ತುದಿ ನೇರ ಲೋಹಕ್ಕೆ ಚುಚ್ಚುತ್ತದೆ. ಕೆಲವೇ ತಿಂಗಳಲ್ಲಿ ಕೊಳವೆ ಮೇಲೆ ಗೀರು, ತಗ್ಗು. ಆಮೇಲೆ ಎಷ್ಟು ಬಿಗಿದರೂ ಜಾರುತ್ತದೆ. ಜೋರಾಗಿ ಬಿಗಿದಷ್ಟೂ ಎರಕದ ಲೋಹದ ಥ್ರೆಡ್ ಸವೆಯುತ್ತದೆ. ಥ್ರೆಡ್ ಹೋದ ದಿನ ಆ ಸ್ಟ್ಯಾಂಡು ಗುಜರಿಗೆ.

ಮೆಮೊರಿ ಲಾಕ್ ಅನ್ನುವುದು ಕೊಳವೆಗೆ ಬಿಗಿಯುವ ಸಣ್ಣ ಉಂಗುರ. ಎತ್ತರ ಒಮ್ಮೆ ಗುರುತು ಮಾಡಿಟ್ಟರೆ ಪ್ರತಿ ಸಲ ಅದೇ ಎತ್ತರಕ್ಕೆ ಬಂದು ಕೂರುತ್ತದೆ. ಇದನ್ನು ಅನುಕೂಲ ಅಂತ ಮಾತ್ರ ನೋಡಬೇಡಿ. ತಿರುಪು ಸಡಿಲ ಆದರೂ ಸಿಂಬಲ್ ಕೆಳಗೆ ಜಾರದಂತೆ ತಡೆಯುವುದು ಈ ಉಂಗುರವೇ. ಹಗುರ ಸ್ಟ್ಯಾಂಡ್‌ಗಳಲ್ಲಿ ಕೆಲವಕ್ಕೆ ಇದು ಇರುವುದಿಲ್ಲ. ಬೇರೆಯಾಗಿ ಸಿಗುತ್ತದೆ, ವ್ಯಾಸ ನೋಡಿ ಹಾಕಿಸಿಕೊಳ್ಳಿ.

ಟಿಲ್ಟರ್‌ನಲ್ಲಿ ಎರಡು ಬಗೆ. ಹಲ್ಲು ಇರುವುದು, ಹಲ್ಲು ಇಲ್ಲದ್ದು. ಹಲ್ಲಿನದು ಕಚ್ಚಿ ನಿಲ್ಲುತ್ತದೆ, ಆದರೆ ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವಿನ ಓರೆ ಸಿಗುವುದಿಲ್ಲ. ಇದನ್ನು ಪೂರ್ತಿ ಸಡಿಲ ಮಾಡದೆ ಬಲವಂತವಾಗಿ ತಿರುಗಿಸುವ ಅಭ್ಯಾಸ ಇದ್ದರೆ ಹಲ್ಲು ಸವೆದು, ಆಮೇಲೆ ಕ್ರ್ಯಾಶ್ ತನ್ನಷ್ಟಕ್ಕೆ ತಲೆ ಬಾಗಿಸುತ್ತದೆ. ಹಲ್ಲಿಲ್ಲದ್ದು ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಪರ್ಲ್‌ನ ಯೂನಿ-ಲಾಕ್ ಈ ಬಗೆಯದು. ಹಿಡಿತ ಪೂರ್ತಿ ಘರ್ಷಣೆಯದ್ದು, ಹಾಗಾಗಿ ಅದು ಚೆನ್ನಾಗಿ ತಯಾರಾಗಿರಬೇಕು. ಕಡಿಮೆ ಬೆಲೆಯ ಸ್ಟ್ಯಾಂಡಿನಲ್ಲಿ ಹಲ್ಲಿರುವುದೇ ವಾಸಿ.

ಸಿಂಬಲ್ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಸ್ಲೀವ್ (ಥ್ರೆಡ್ ಮೇಲೆ ಹಾಕುವ ಸಣ್ಣ ನಳಿಕೆ) ಇದೆಯೇ ನೋಡಿ. ಎರಡು ರೂಪಾಯಿ ವಸ್ತು ಅಂತ ಅದನ್ನು ಕಳೆದುಕೊಂಡವರೇ ಹೆಚ್ಚು. ಅದಿಲ್ಲದೆ ನುಡಿಸಿದರೆ ಸಿಂಬಲ್ ತೂತು ಲೋಹದ ಥ್ರೆಡ್ಡಿಗೆ ಉಜ್ಜಿ ಉಜ್ಜಿ ಬೀಗದ ಕೈ ತೂತಿನ ಹಾಗೆ ಉದ್ದವಾಗುತ್ತದೆ. ಮತ್ತೆ ಸರಿಹೋಗುವುದಿಲ್ಲ. ಮೇಲಿನ ವಿಂಗ್ ನಟ್ಟನ್ನು (ಬೆರಳಲ್ಲಿ ತಿರುಗಿಸುವ ರೆಕ್ಕೆಯ ನಟ್ಟು) ಪೂರ್ತಿ ಬಿಗಿಯುವುದೂ ಅಷ್ಟೇ ಕೆಟ್ಟದ್ದು. ಸಿಂಬಲ್ ಓಲಾಡಬೇಕು. ಕದಲದ ಸಿಂಬಲ್ ಪೆಟ್ಟನ್ನು ತನ್ನೊಳಗೇ ನುಂಗಿಕೊಂಡು ಬಿರುಕು ಬಿಡುತ್ತದೆ, ಅದರ ಜೊತೆಗೆ ಆ ಪೆಟ್ಟು ಸ್ಟ್ಯಾಂಡಿಗೂ ಇಳಿಯುತ್ತದೆ. 'ಸ್ಟ್ಯಾಂಡ್ ಸರಿಯಿಲ್ಲ, ಅಲ್ಲಾಡುತ್ತದೆ' ಅಂತ ದೂರಿದ ಒಬ್ಬ ಹುಡುಗನ ಕಿಟ್‌ನಲ್ಲಿ ನಾನು ಮಾಡಿದ್ದು ಇಷ್ಟೇ: ವಿಂಗ್ ನಟ್ ಎರಡು ಸುತ್ತು ಸಡಿಲಿಸಿದೆ. ಅಲ್ಲಾಟ ಅಲ್ಲಿಗೇ ನಿಂತಿತು.

ಹೊರುವಾಗ

ಎಲ್ಲರೂ ತೂಕ ಕೇಳುತ್ತಾರೆ, ಮಡಚಿದಾಗ ಉದ್ದ ಎಷ್ಟು ಅಂತ ಕೇಳುವುದಿಲ್ಲ. ನಿಮ್ಮ ಹಾರ್ಡ್‌ವೇರ್ ಬ್ಯಾಗಿಗೆ ಹಿಡಿಸದ ಸ್ಟ್ಯಾಂಡ್ ಎಷ್ಟು ಹಗುರ ಇದ್ದರೇನು? ಬ್ಯಾಗಿನ ಒಳ ಉದ್ದ ಅಳೆದುಕೊಂಡು ಹೋಗಿ. ಬೂಮ್ ಭಾಗ ಬೇರೆಯಾಗಿ ಬಿಚ್ಚಿಕೊಳ್ಳುತ್ತದೆಯೇ, ಕಾಲು ಮಡಚಿದಾಗ ಕೊಳವೆಗೆ ಒತ್ತಿಕೊಂಡು ನಿಲ್ಲುತ್ತದೆಯೇ, ಅಥವಾ ಪ್ರತಿ ಸಲ ತೆರೆದುಕೊಂಡು ಕೈಗೆ ಚುಚ್ಚುತ್ತದೆಯೇ, ಇದನ್ನೂ ನೋಡಿ.

ಒಂದು ಲೆಕ್ಕ ಹಾಕೋಣ. ನಾಲ್ಕು ಕೆ.ಜಿ.ಯ ಬೂಮ್ ಮೂರು ಅಂದರೆ 12 ಕೆ.ಜಿ. ಅದರ ಮೇಲೆ ಹೈ-ಹ್ಯಾಟ್ ಸ್ಟ್ಯಾಂಡ್, ಸ್ನೇರ್ ಸ್ಟ್ಯಾಂಡ್, ಪೆಡಲ್, ಕೂರುವ ಥ್ರೋನ್. ಬ್ಯಾಗು 25 ಕೆ.ಜಿ. ಹತ್ತಿರ ಬರುತ್ತದೆ. ಮೂರರಲ್ಲಿ ಎರಡು ಬೂಮ್ ಬದಲು ಎರಡು ಕೆ.ಜಿ.ಯ ಫ್ಲಾಟ್ ಬೇಸ್ ಹಾಕಿದರೆ ನಾಲ್ಕು ಕೆ.ಜಿ. ಉಳಿಯಿತು. ಮೆಟ್ಟಿಲು ಹತ್ತುವಾಗ ನಾಲ್ಕು ಕೆ.ಜಿ. ಅಂದರೆ ಒಂದೇ ಸಲಕ್ಕೆ ಹತ್ತುವುದಕ್ಕೂ ನಡುವೆ ನಿಂತು ಏದುಸಿರು ಬಿಡುವುದಕ್ಕೂ ಇರುವ ವ್ಯತ್ಯಾಸ. ಚಕ್ರದ ಬ್ಯಾಗ್ ಇದೆಯಲ್ಲ ಅನ್ನಬಹುದು. ಚಕ್ರ ಮೆಟ್ಟಿಲು ಹತ್ತುವುದಿಲ್ಲ.

ಅಂಗಡಿಯಲ್ಲಿ ಐದು ನಿಮಿಷ

ನಿಮ್ಮ ಅತಿ ಭಾರದ ಸಿಂಬಲ್ ಜೊತೆಗೆ ಒಯ್ಯಿರಿ. ಸ್ಟ್ಯಾಂಡನ್ನು ನೀವು ನುಡಿಸುವ ಎತ್ತರಕ್ಕೆ ಏರಿಸಿ, ಬರೀ ಬೆರಳಿನ ಬಲದಲ್ಲಿ ತಿರುಪು ಬಿಗಿಯಿರಿ. ಈಗ ಮೇಲಿನ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಒತ್ತಿ, ಆಮೇಲೆ ತಿರುಚಿ. ಜಾರಿದರೆ ಅಥವಾ ತಿರುಗಿದರೆ ಬೇಡ. ಇಕ್ಕಳ ಹಿಡಿದು ಬಿಗಿದರೆ ನಿಲ್ಲುತ್ತದೆ ಅನ್ನುವ ಮಾತು ಕೇಳಬೇಡಿ.

ಸಿಂಬಲ್ ಹಾಕಿ ಅಂಚನ್ನು ಒಂದು ಅಂಗೈ ಅಗಲ ಕೆಳಗೆ ತಳ್ಳಿ ಬಿಡಿ. ಸಿಂಬಲ್ ಓಲಾಡಲಿ, ನೀವು ನೋಡಬೇಕಾದ್ದು ಕಾಲಿನ ರಬ್ಬರನ್ನು. ಮೂರೂ ನೆಲಕ್ಕೆ ಅಂಟಿಕೊಂಡೇ ಇರಬೇಕು. ಒಂದಾದರೂ ಎದ್ದು ಕೂತರೆ ಕಾಲು ಇನ್ನೂ ಹರಡಿ ನೋಡಿ. ಡಬಲ್ ಬ್ರೇಸ್ ಸ್ಟ್ಯಾಂಡಿನಲ್ಲಿ ಕೆಳಗಿನ ಅಡ್ಡ ಪಟ್ಟಿ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರ ಬರುವಷ್ಟು ಹರಡಿದರೆ ಸರಿ. ನಡುವಿನ ಕೊಳವೆಯ ಬುಡ ಮಾತ್ರ ನೆಲಕ್ಕೆ ತಾಗಬಾರದು. ಕಾಲು ಮುಚ್ಚಿ ಕಡ್ಡಿಯ ಹಾಗೆ ನಿಲ್ಲಿಸಿ ಎತ್ತರ ಗಿಟ್ಟಿಸುವವರು ಬಹಳ ಜನ, ಬೀಳಿಸುವವರೂ ಅವರೇ.

ಕೊನೆಗೆ, ಸ್ಟ್ಯಾಂಡ್ ಪೂರ್ತಿ ಮಡಚಿ ಮತ್ತೆ ನಿಲ್ಲಿಸಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಕತ್ತಲ ವೇದಿಕೆಯಲ್ಲಿ ನೀವು ಅದನ್ನೇ ಮಾಡಬೇಕು.

ಯಾರಿಗೆ ಯಾವುದು

ಕಿಟ್ ಮನೆಯಲ್ಲೇ ಇದ್ದರೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಮಧ್ಯಮ ದರ್ಜೆಯ ಡಬಲ್ ಬ್ರೇಸ್ ಬೂಮ್ ಎರಡು ತಗೊಳ್ಳಿ. ವಾರಕ್ಕೊಂದು ಕಾರ್ಯಕ್ರಮ, ಸ್ವತಃ ಹೊರುವುದು, ಕ್ರ್ಯಾಶ್ ಎರಡು ರೈಡ್ ಒಂದು ಆದರೆ ನಾನು ಮಾಡಿರುವುದನ್ನೇ ಹೇಳುತ್ತೇನೆ: ಕ್ರ್ಯಾಶ್‌ಗಳಿಗೆ ಉಕ್ಕಿನ ಫ್ಲಾಟ್ ಬೇಸ್ ನೇರ ಸ್ಟ್ಯಾಂಡ್, ರೈಡ್‌ಗೆ ಕೋಲು ಒಳಗಿಳಿಯುವ ಡಬಲ್ ಬ್ರೇಸ್ ಬೂಮ್ ಒಂದು. ತಮಾದ ರೋಡ್‌ಪ್ರೋ, ಪರ್ಲ್‌ನ 930 ಸಾಲಿನ ಬೂಮ್‌ಗಳನ್ನು ಆ ಕೆಲಸಕ್ಕೆ ನೋಡಬಹುದು. ಬಯಲಿನಲ್ಲೇ ಜಾಸ್ತಿ ನುಡಿಸುವವರಾದರೆ ಫ್ಲಾಟ್ ಬೇಸ್ ಬಿಟ್ಟು ಮೂರೂ ಡಬಲ್ ಬ್ರೇಸ್ ಇರಲಿ. ಗಾಳಿಗೆ ಸಿಂಬಲ್ ಹಾಯಿಯ ಹಾಗೆ ಕೆಲಸ ಮಾಡುತ್ತದೆ, ಕಾಲಿನ ಮೇಲೆ ಒಂದು ಮರಳಿನ ಚೀಲವೂ ಇರಲಿ.

ಹಳೆಯ ಸ್ಟ್ಯಾಂಡ್ ಸಿಕ್ಕರೆ ಹಿಂಜರಿಯಬೇಡಿ. ಕ್ರೋಮ್ ಮೇಲೆ ತುಕ್ಕಿನ ಚುಕ್ಕೆ ಇದ್ದರೆ ಪರವಾಗಿಲ್ಲ. ರಬ್ಬರ್ ಪಾದ, ಸಿಂಬಲ್‌ನ ಕೆಳಗೆ ಮೇಲೆ ಇಡುವ ಫೆಲ್ಟ್ ಬಿಲ್ಲೆ, ಸ್ಲೀವ್, ವಿಂಗ್ ನಟ್ ಎಲ್ಲ ಹೊಸದು ಸಿಗುತ್ತದೆ. ತಿರುಪಿನ ಥ್ರೆಡ್ ಸವೆದಿದ್ದರೆ, ಕೊಳವೆ ಸೊಟ್ಟಗಿದ್ದರೆ, ಎರಕದ ಭಾಗದಲ್ಲಿ ಕೂದಲೆಳೆ ಬಿರುಕಿದ್ದರೆ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಮೇಲ್ತುದಿಯ ಥ್ರೆಡ್ ಅಳತೆಯನ್ನೂ ಕೇಳಿ. ಇವತ್ತಿನ ಸ್ಟ್ಯಾಂಡ್‌ಗಳಲ್ಲಿ ಹೆಚ್ಚಿನವು 8 ಮಿ.ಮೀ., ಕೆಲವು 6 ಮಿ.ಮೀ. ನಿಮ್ಮ ಉಳಿದ ಸ್ಟ್ಯಾಂಡ್‌ಗೆ ಹೊಂದುವುದನ್ನೇ ತಂದರೆ ಒಂದರ ನಟ್ ಇನ್ನೊಂದಕ್ಕೆ ಆಗುತ್ತದೆ.

ನನ್ನ ಬ್ಯಾಗಿನ ಪಕ್ಕದ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಡಬ್ಬಿ ಇರುತ್ತದೆ. ನಾಲ್ಕು ಫೆಲ್ಟ್, ಮೂರು ಸ್ಲೀವ್, ಎರಡು ವಿಂಗ್ ನಟ್, ಒಂದು ಡ್ರಮ್ ಕೀ. ಪ್ರತಿ ಕಾರ್ಯಕ್ರಮದಲ್ಲೂ ಅದನ್ನು ಯಾರಾದರೂ ಕೇಳಿಕೊಂಡು ಬರುತ್ತಾರೆ. ವಿಂಗ್ ನಟ್ ಮಾತ್ರ ಯಾರೂ ವಾಪಸ್ ಕೊಟ್ಟಿಲ್ಲ.